ಮೂರು ಫ್ಯಾನಿನ ರೇಡಿಯೇಟರು

ಫ್ಯಾನುಗಳ ಗದ್ದಲದಲ್ಲಿ ಮಗುವಿನ ಉಸಿರು ಕೇಳಿಸದೆ ಹೋದರೆ? ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಕುಳಿತ ಮೊದಲ ದಿನವೇ ತಲೆಯೊಳಗೆ ಹೊಕ್ಕ ಈ ಪ್ರಶ್ನೆ, ಮನೆ ಖಾಲಿ ಮಾಡದ ಬಾಡಿಗೆದಾರರ ಹಾಗೆ ಅಲ್ಲೇ ಠಿಕಾಣಿ ಹೂಡಿತ್ತು. ಹಲ್ಲುಜ್ಜುವಾಗ ಇರುತ್ತಿತ್ತು, ಹಾಲು ಕಾಯಿಸುವಾಗ ಇರುತ್ತಿತ್ತು, ಯಾರೋ ಏನೋ ಕೇಳಿ ಅವಳು ಏನೋ ಉತ್ತರಿಸುವಾಗಲೂ ಪಕ್ಕದಲ್ಲೇ ಕಾಲಾಡಿಸುತ್ತಾ ಕೂತಿರುತ್ತಿತ್ತು.

ಅವಳದು ಇನ್ನೂ ಕಟ್ಟದ ಮನೆಗಳಿಗೆ ಬಿಸಿಲು ಹಾಕುವ ಕೆಲಸ. ಆರ್ಕಿಟೆಕ್ಟರ ಕಚೇರಿಯಿಂದ ನಕ್ಷೆ ಬರುತ್ತದೆ. ಅವಳು ಕಂಪ್ಯೂಟರಿನಲ್ಲಿ ಗೋಡೆ ಎಬ್ಬಿಸಿ, ಸೋಫಾ ಇಟ್ಟು, ಪರದೆ ಇಳಿಬಿಟ್ಟು, ಕಿಟಕಿಯಿಂದ ಬಂದ ಬೆಳಗಿನ ಬಿಸಿಲು ನೆಲದ ಮೇಲೆ ಎಲ್ಲಿಯವರೆಗೆ ಹರಡಬೇಕೋ ಅಲ್ಲಿಯವರೆಗೆ ಹರಡಿ ಚಿತ್ರ ಮಾಡಿ ಕಳಿಸುತ್ತಾಳೆ. ಕೊಳ್ಳುವವರು ಇಲ್ಲದ ಮನೆಯ ಇಲ್ಲದ ಬಿಸಿಲಿಗೆ ಮರುಳಾಗುತ್ತಾರೆ. ಆ ಬಿಸಿಲಿನ ಲೆಕ್ಕ ಹಾಕುವಾಗ ಮಷೀನು ಮಾತ್ರ ನಿಜವಾಗಿಯೂ ಕಾಯುತ್ತದೆ. ಅದನ್ನು ತಣಿಸಲು ಒಳಗಿನ ಪುಟ್ಟ ಫ್ಯಾನುಗಳು ಮಿಕ್ಸಿಯ ಹಾಗೆ ಅರಚುತ್ತವೆ. ಮಷೀನಿಟ್ಟ ಮೇಜಿಗೂ ತೊಟ್ಟಿಲಿಗೂ ನಡುವೆ ಅವಳು ಕಾಲು ಚಾಚುವಷ್ಟೇ ಜಾಗ. ಹಾಗಾಗಿ ಚಿತ್ರ ತಯಾರಾಗುವಷ್ಟು ಹೊತ್ತೂ ಅವಳು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ತೊಟ್ಟಿಲಿಗೆ ಬಾಗಿ, ಮಗುವಿನ ಮೂಗಿನ ಮುಂದೆ ಬೆರಳು ಹಿಡಿದು ನಿಂತಿರುತ್ತಿದ್ದಳು.

ಪರಿಹಾರವೇನೋ ಪಕ್ಕದ ಕೋಣೆಯಲ್ಲೇ ಇತ್ತು. ಅಲ್ಲಿ ಅತ್ತೆ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾ ಕೂತಿರುತ್ತಿದ್ದರು.

"ಮಗೂನ ಇಲ್ಲಿ ಮಲಗಿಸೇ. ನಿನ್ನ ಗಂಡ ಇದೇ ಹೊಲಿಗೆ ಮಷೀನಿನ ಪಕ್ಕ ಮಲಗಿ ದೊಡ್ಡವನಾದ. ಏನಾಗಿದೆ ಈಗ ಅವನಿಗೆ?"

"ಏನೂ ಆಗಿಲ್ಲ ಅತ್ತೆ."

"ಸ್ವಲ್ಪ ಮಂದ, ಅಷ್ಟೇ. ಅದು ಅವರಪ್ಪನ ಕಡೆಯಿಂದ ಬಂದಿದ್ದು, ನನ್ನ ಮಷೀನಿಂದಲ್ಲ."

ಅವಳು ನಕ್ಕಳು. ನಗಬೇಕಾದ ಜಾಗ ಇದು ಎಂದು ಗೊತ್ತಾಗುವಷ್ಟು ಬುದ್ಧಿ ಇನ್ನೂ ಇತ್ತು. ಆದರೆ ಮಗುವನ್ನು ಮಾತ್ರ ಕೊಡಲಿಲ್ಲ. ಗೋಡೆಯಾಚೆಗೆ ಅದು ಉಸಿರು ನಿಲ್ಲಿಸಿದರೆ ಈಚೆ ಹೇಗೆ ತಿಳಿಯಬೇಕು?

ಗಂಡ ಲಿಫ್ಟ್ ಮೆಕ್ಯಾನಿಕ್. ಹೆಂಡತಿಯನ್ನು ಅವನು ಕರೆಯುತ್ತಿದ್ದದ್ದು "ಗಾಬರಿ" ಎಂದು. ಅದು ಅವಳ ತವರಿನಲ್ಲೇ ಬಿದ್ದ ಹೆಸರು. ಪರೀಕ್ಷೆಗೆ ಮೂರು ಪೆನ್ನು ಒಯ್ದು, ಮೂರೂ ಒಟ್ಟಿಗೆ ಕೈಕೊಟ್ಟರೆ ಇರಲಿ ಎಂದು ಪೆನ್ಸಿಲನ್ನೂ ಒಯ್ಯುತ್ತಿದ್ದ ಹುಡುಗಿ ಅವಳು. ಬಸ್ಸು ತಪ್ಪೀತೆಂದು ಅದಕ್ಕೂ ಮುಂಚಿನ ಬಸ್ಸಿಗೇ ಹೊರಟು, ತಲುಪಿದಲ್ಲಿ ಬೀಗ ಹಾಕಿದ ಗೇಟಿನ ಮುಂದೆ ಕಾಯುತ್ತಿದ್ದವಳು. ಆಗಿನ ಗಾಬರಿಗೆ ಜೀವವಿತ್ತು. ಕೈ ಬೆವರುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಗಂಡಾಂತರ ಕಳೆದ ಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಗುವೂ ಬರುತ್ತಿತ್ತು. ಈಗಿನದು ಹಾಗಲ್ಲ. ಒಂದೇ ಭಂಗಿಯಲ್ಲಿ ಕೂತು ಮರಗಟ್ಟಿದ ಕಾಲಿನಂತೆ ಮನಸ್ಸಾಗಿತ್ತು. ಚಿಂತೆ ಓಡುತ್ತಲೇ ಇತ್ತು, ಅದರಲ್ಲಿ ಬಿಸಿ ಇರಲಿಲ್ಲ. ಮಗು ನಕ್ಕರೆ, ಮಗು ನಕ್ಕಿತು ಎಂದು ತಿಳಿಯುತ್ತಿತ್ತು. ಅಷ್ಟೇ.

ಹೆರಿಗೆ ಮಾಡಿಸಿದ ಡಾಕ್ಟರು ಇದನ್ನೆಲ್ಲ ಸ್ವಲ್ಪ ಊಹಿಸಿದ್ದಂತಿತ್ತು. ಹೀಗೇ ಮುಂದುವರಿದರೆ ಮುಚ್ಚಿಟ್ಟುಕೊಳ್ಳದೆ ಫೋನ್ ಮಾಡಬೇಕೆಂದು ಗಂಡನ ಎದುರಿಗೇ ಹೇಳಿದ್ದರು. ಅವನು ಶೂ ಕಟ್ಟಿಕೊಳ್ಳುತ್ತಾ ದಿನವೂ ಅದನ್ನೇ ಕೇಳುತ್ತಿದ್ದ.

"ಗಾಬರಿ, ಡಾಕ್ಟರಿಗೆ ಫೋನ್ ಮಾಡಿದ್ಯಾ?"

"ಕಂಪ್ಯೂಟರ್ ತಣಿಸೋ ರೇಡಿಯೇಟರ್ ಒಂದು ಆಗ್ಲಿ ರೀ. ಮಷೀನ್ ಸದ್ದು ನಿಂತ್ರೆ ನಾನೂ ಸರಿಹೋಗ್ತೀನಿ."

"ರೇಡಿಯೇಟರ್ರು ಡಾಕ್ಟರಿಗಿಂತ ದೊಡ್ಡದಾ?"

"ಮೂರು ಫ್ಯಾನಿಂದು ಸ್ವಲ್ಪ ದೊಡ್ಡದೇ ಇರತ್ತೆ."

ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕವನು ಮತ್ತೆ ಕೇಳುವುದನ್ನು ಮರೆತು ಹೋದ. ಅವಳಿಗೆ ಬೇಕಾಗಿದ್ದೂ ಅದೇ.

ಹಾಗೆ ನೋಡಿದರೆ ವಿಷಯ ಸರಳ. ಗಾಳಿಯಿಂದ ತಣಿಯುವ ಮಷೀನನ್ನು ನೀರಿನಿಂದ ತಣಿಸುವುದು. ಬಿಸಿಯಾಗುವ ಚಿಪ್‌ಗಳ ಮೇಲೆ ತಾಮ್ರದ ಬಿಲ್ಲೆ ಕೂರಿಸಿ, ಅದರೊಳಗೆ ಪಂಪಿನಿಂದ ನೀರು ಹರಿಸಿ, ಬಿಸಿಯಾದ ನೀರನ್ನು ರೇಡಿಯೇಟರಿಗೆ ಕಳಿಸಿದರೆ ಅಲ್ಲಿ ಫ್ಯಾನುಗಳು ಅದನ್ನು ಆರಿಸಿ ವಾಪಸು ಕಳಿಸುತ್ತವೆ. ರೇಡಿಯೇಟರು ದೊಡ್ಡದಿದ್ದಷ್ಟೂ ಫ್ಯಾನು ನಿಧಾನ ತಿರುಗಿದರೆ ಸಾಕು, ಫ್ಯಾನು ನಿಧಾನವಾದಷ್ಟೂ ಕೋಣೆ ಶಾಂತ. ತೊಡಕಿದ್ದದ್ದು ಆಯ್ಕೆಯಲ್ಲಿ. ಎರಡು ಫ್ಯಾನಿನದೋ ಮೂರರದೋ, ತೆಳುವೋ ದಪ್ಪವೋ, ಹೊಸದೋ ಬಳಸಿದ್ದೋ. ಬಿಲ್ಲೆಗಳನ್ನೂ ಪಂಪನ್ನೂ ಆಗಲೇ ಕೊಂಡಾಗಿತ್ತು, ರೇಡಿಯೇಟರಿಗೆ ಉಳಿದಿದ್ದ ಹಣ ಬಳಸಿದ್ದಕ್ಕಷ್ಟೇ ಸಾಲುವಂತಿತ್ತು. ಮಗುವಿಗೆ ಹಾಲೂಡಿಸುತ್ತಾ ಒಂದು ಕೈಯಲ್ಲಿ ಫೋನು ಹಿಡಿದು ರೇಡಿಯೇಟರುಗಳನ್ನು ಹೋಲಿಸುವುದು ಅವಳಿಗೆ ಚಟವಾಯಿತು. ಆ ಹೊತ್ತಿನಲ್ಲಿ ಬೇರೇನನ್ನೂ ಯೋಚಿಸಬೇಕಾಗಿರಲಿಲ್ಲ. ಹಾಲು ಮುಗಿದು ಮಗು ಖಾಲಿ ಬಾಟಲಿ ಚೀಪುತ್ತಿದ್ದದ್ದು ಎಷ್ಟೋ ಸಲ ತಡವಾಗಿ ಕಣ್ಣಿಗೆ ಬೀಳುತ್ತಿತ್ತು.

ಕೊನೆಗೊಂದು ದಿನ ಮಗುವನ್ನು ಎದೆಗೆ ಕಟ್ಟಿಕೊಂಡು ಬಳಸಿದ ಬಿಡಿಭಾಗ ಮಾರುವ ಅಂಗಡಿಗೆ ಹೋದಳು. ಅಂಗಡಿಯವನನ್ನು ಗಿರಾಕಿಗಳೆಲ್ಲ ಕರೆಯುತ್ತಿದ್ದದ್ದು ತಂಪಣ್ಣ ಎಂದು. ಅಂಗಡಿ ಮಾತ್ರ ಕುಲುಮೆಯ ಹಾಗೆ ಕಾಯುತ್ತಿತ್ತು. ತಂಪಣ್ಣ ಹಳೇ ಮದರ್‌ಬೋರ್ಡಿನ ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತಾ ಒಂದು ಫಳಫಳಿಸುವ ಪೆಟ್ಟಿಗೆ ತೆಗೆದ.

"ಇದು ತಗೊಳ್ಳಿ ಅಕ್ಕ. ಹೊಸದು, ಎರಡು ಫ್ಯಾನಿಂದು. ಬಣ್ಣಬಣ್ಣದ ಲೈಟೂ ಬರತ್ತೆ."

"ಲೈಟ್ ಬೇಡ ಅಣ್ಣ. ಒಳಗೆ ತಾಮ್ರಾನಾ?"

"ಕಪ್ಪು ಬಣ್ಣ ಹೊಡೆದ ಮೇಲೆ ಯಾರಿಗೆ ಗೊತ್ತಾಗತ್ತೆ ಬಿಡಿ."

"ನೀರಿಗೆ ಗೊತ್ತಾಗತ್ತೆ."

ಎತ್ತಿ ನೋಡಿದಳು. ಬಿಸ್ಕತ್ತಿನ ಡಬ್ಬದಷ್ಟು ಹಗುರ. ಪೈಪು ಕೂರುವ ತೂತಿನ ಅಂಚನ್ನು ಹೇರ್‌ಪಿನ್ನಿನಿಂದ ಕೆರೆದಾಗ ಬಣ್ಣ ಎದ್ದು ಬಿಳಿಯದು ಕಂಡಿತು. ಅಲ್ಯೂಮಿನಿಯಂ. ತಾಮ್ರದ ಬಿಲ್ಲೆಯ ಜೊತೆ ಅದನ್ನು ಒಂದೇ ನೀರಿಗೆ ಹಾಕಿದರೆ ಅಲ್ಯೂಮಿನಿಯಂ ಸವೆದು, ಒಳಗೆಲ್ಲ ಗಸಿ ಕಟ್ಟುತ್ತದೆ. ತಂಪಣ್ಣ ತಲೆ ಕೆರೆದುಕೊಂಡ.

"ಎಲ್ಲರೂ ಲೈಟ್ ನೋಡ್ತಾರೆ. ನೀವು ಕೆರೆದು ನೋಡ್ತೀರಿ. ವ್ಯಾಪಾರ ಹೇಗಾಗ್ಬೇಕು?"

ಮೂಲೆಯ ರಾಶಿಯಿಂದ ಅವಳೇ ಇನ್ನೊಂದನ್ನು ಎಳೆದಳು. ಮೂರು ಫ್ಯಾನಿನದು, ದಪ್ಪನೆಯದು, ಮೈಯೆಲ್ಲ ತರಚು. ಕೆರೆದರೆ ಹಿತ್ತಾಳೆಯ ಹಳದಿ, ತಾಮ್ರದ ಜೊತೆ ಒಂದೇ ನೀರಿನಲ್ಲಿ ಬಾಳುವಂಥದು. ಗಾಳಿ ಹಾಯುವ ತೆಳು ಪಟ್ಟಿಗಳು ಒತ್ತೊತ್ತಾಗಿರದೆ ಬಿಡಿಬಿಡಿಯಾಗಿದ್ದವು. ನಿಧಾನದ ಗಾಳಿಗೆ ಅದೇ ಬೇಕಾದದ್ದು. ಕೆಲವು ಪಟ್ಟಿ ಮಡಚಿಕೊಂಡಿದ್ದವು, ಚಿಮುಟದಲ್ಲಿ ನೆಟ್ಟಗೆ ಮಾಡಬಹುದು. ಬೆಲೆ ಹೊಸದರ ಅರ್ಧವೂ ಇರಲಿಲ್ಲ.

"ಸೋರಲ್ಲ ತಾನೆ?"

"ನನ್ನಾಣೆ ಸೋರಲ್ಲ."

"ನಿಮ್ಮ ಆಣೆ ತೊಟ್ಟಿಲ ಪಕ್ಕ ಇಡೋಕಾಗಲ್ಲ ಅಣ್ಣ."

ತಂಪಣ್ಣ ನಿಟ್ಟುಸಿರಿಟ್ಟು ಬಕೆಟ್ಟಿನಲ್ಲಿ ನೀರು ತುಂಬಿಸಿ, ರೇಡಿಯೇಟರಿನ ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಸೈಕಲ್ ಪಂಪು ಕಟ್ಟಿ ಅದನ್ನು ಮುಳುಗಿಸಿ ಹಿಡಿದ. ಒಂದು ಗುಳ್ಳೆಯೂ ಏಳಲಿಲ್ಲ. "ನೋಡಿ, ನನಗಿಂತ ಗಟ್ಟಿ ಬಾಯಿ ಇದರದ್ದು," ಎಂದ. ಸಣ್ಣ ಪೊಟ್ಟಣದಲ್ಲಿ ಕುಳ್ಳ ಸ್ಕ್ರೂಗಳನ್ನೂ ಕೊಟ್ಟು, ಫ್ಯಾನು ಕೂರಿಸಲು ಇವನ್ನೇ ಹಾಕಬೇಕು, ಉದ್ದದ್ದು ಹಾಕಿದರೆ ತುದಿ ಒಳಗಿನ ಕೊಳವೆಗೆ ಚುಚ್ಚುತ್ತದೆ ಎಂದ. ಅವಳು ತಲೆಯಾಡಿಸಿದಳು. ಅದನ್ನು ಓದಿ ಓದಿ ಅವಳಿಗೆ ಬಾಯಿಪಾಠವಾಗಿತ್ತು.

ಮನೆಗೆ ಬರುವಾಗ, ಈಗ ನನಗೆ ಖುಷಿಯಾಗಬೇಕು ಎಂದುಕೊಂಡಳು. ಎದೆಗೆ ಕಟ್ಟಿದ ಮಗು, ಕೈಯಲ್ಲಿ ರೇಡಿಯೇಟರು. ತೂಕ ಎರಡರದ್ದೂ ಗೊತ್ತಾಗುತ್ತಿತ್ತು.

ಜೋಡಿಸುವ ದಿನ ಮಗುವನ್ನು ಅತ್ತೆಯ ಕೈಗೆ ಕೊಡದೆ ವಿಧಿಯಿರಲಿಲ್ಲ. ನೆಲದ ತುಂಬ ಪೈಪು, ಸ್ಕ್ರೂ, ಶುದ್ಧ ನೀರಿನ ಕ್ಯಾನು. "ಸ್ವಲ್ಪ ಹೊತ್ತು ಅಷ್ಟೇ ಅತ್ತೆ, ಬಾಗಿಲು ಹಾಕ್ಬೇಡಿ," ಎಂದಳು.

"ಹಾಕಲ್ಲ ಮಾರಾಯ್ತಿ. ಕದ್ದುಕೊಂಡು ಎಲ್ಲಿಗೆ ಓಡ್ಲಿ, ಈ ಮಂಡಿ ಇಟ್ಕೊಂಡು?"

ರೇಡಿಯೇಟರಿನೊಳಕ್ಕೆ ಬಿಸಿನೀರು ಹಾಕಿ ಕುಲುಕಿ ಚೆಲ್ಲಿ, ಮತ್ತೆ ಹಾಕಿ ಕುಲುಕಿ, ಬರುವ ನೀರು ತಿಳಿಯಾಗುವವರೆಗೂ ತೊಳೆದಳು. ಫ್ಯಾನು ಅದುರಿ ಸದ್ದಾಗದಿರಲಿ ಎಂದು ಫ್ಯಾನಿಗೂ ರೇಡಿಯೇಟರಿಗೂ ನಡುವೆ ರಬ್ಬರಿನ ಪಟ್ಟಿ ಇಟ್ಟಳು. ಯಾರೂ ಹೇಳಿರಲಿಲ್ಲ, ಅವಳದೇ ಯೋಚನೆ. ರಬ್ಬರಿಟ್ಟ ಮೇಲೆ ಕುಳ್ಳ ಸ್ಕ್ರೂಗಳು ಒಂದೆರಡು ಸುತ್ತಿಗಷ್ಟೇ ಕಚ್ಚುತ್ತಿದ್ದವು. ಇಷ್ಟು ಸಾಕೇ? ಅದುರಿ ಅದುರಿ ಸಡಿಲವಾಗಿ ಫ್ಯಾನು ಕಳಚಿ ತೊಟ್ಟಿಲಿನ ಕಡೆಗೇ ಬಿದ್ದರೆ? ಗಂಡನ ಸಲಕರಣೆ ಪೆಟ್ಟಿಗೆಯಲ್ಲಿ ಹುಡುಕಿದಾಗ ಅದೇ ದಪ್ಪದ, ಸ್ವಲ್ಪ ಉದ್ದನೆಯ ಸ್ಕ್ರೂಗಳು ಸಿಕ್ಕವು. ಉದ್ದದ್ದು ಹಾಕಬಾರದು ಎಂಬುದು ನೆನಪಿತ್ತು. ರಬ್ಬರಿನ ದಪ್ಪ ಅಳೆದಳು, ಸ್ಕ್ರೂ ಅಳೆದಳು, ಹೆಚ್ಚಿದ್ದ ಉದ್ದವೆಲ್ಲ ರಬ್ಬರಿನಲ್ಲೇ ಕಳೆದುಹೋಗುತ್ತದೆ ಎಂದು ಕಂಡಿತು. ಕೂರಿಸಿದಳು. ಎಲ್ಲ ಬಿಗಿಯಾದ ಮೇಲೆ, ಇರಲಿ ಎಂದು ಒಂದೊಂದಕ್ಕೂ ಇನ್ನೊಂದು ಸುತ್ತು ಕೊಟ್ಟಳು. ತೊಟ್ಟಿಲ ಕಡೆಯ ಮೂಲೆಯದಕ್ಕೆ ಅದರ ಮೇಲೆ ಮತ್ತೂ ಒಂದು. ಒತ್ತಿದರೆ ರಬ್ಬರು ಅಮುಕಿ ತೆಳುವಾಗುತ್ತದೆ ಎನ್ನುವುದು ಮಾತ್ರ ಅವಳ ಲೆಕ್ಕದಲ್ಲಿರಲಿಲ್ಲ.

ಮಷೀನಿಗೆ ಕರೆಂಟು ಕೊಡದೆ ಪಂಪನ್ನಷ್ಟೇ ಓಡಿಸಿ ಸೋರಿಕೆ ನೋಡುವುದು ಪದ್ಧತಿ. ಕೆಳಗೆಲ್ಲ ಟಿಶ್ಯೂ ಹಾಸಿ, ನೀರು ತುಂಬಿಸಿ ಪಂಪು ಹಾಕಿದಳು. ನೀರು ಪೈಪಿನಲ್ಲಿ ಓಡಿತು, ಗುಳ್ಳೆಗಳು ಕರಗಿದವು. ಸದ್ದೆಂಬುದೇ ಇಲ್ಲ. ಅವಳು ನೆಲದ ಮೇಲೆ ಕೂತು ನೋಡುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲಿ ತೊಟ್ಟಿಲ ಕಡೆಯ ಮೂಲೆಯ ಕೆಳಗೆ ಟಿಶ್ಯೂವಿನ ಮೇಲೊಂದು ಒದ್ದೆ ಚುಕ್ಕೆ ಮೂಡಿತು. ಚುಕ್ಕೆ ನಾಣ್ಯದಷ್ಟಾಯಿತು, ನಾಣ್ಯ ತಟ್ಟೆಯಷ್ಟಾಯಿತು. ಸ್ಕ್ರೂವಿನ ತಲೆಯಡಿಯಿಂದ ಒಂದು ಹನಿ ಉಬ್ಬಿ, ಜೋತು, ಬಿದ್ದು, ಅದರ ಜಾಗಕ್ಕೆ ಇನ್ನೊಂದು ಬಂತು. ಸ್ಕ್ರೂವಿನ ತುದಿ ಒಳಗಿನ ಕೊಳವೆಗೆ ಚುಚ್ಚಿದೆ ಎಂದು ಅವಳಿಗೆ ಪೂರ್ತಿ ಗೊತ್ತಾಯಿತು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಎದ್ದು ಪಂಪು ಆರಿಸಬೇಕು ಎಂದುಕೊಂಡಳು, ಏಳಲಿಲ್ಲ. ಹನಿ ಉಬ್ಬುವುದನ್ನೇ ನೋಡುತ್ತಾ ಕೂತಳು.

"ಏನೇ ಇದು, ಕಿವಿ ಎಲ್ಲಿಟ್ಟಿದ್ದೀಯಾ?"

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಹೆಗಲ ಮೇಲೆ ಮಗು, ಮುಖವೆಲ್ಲ ಕೆಂಪು, ಬಿಕ್ಕಿ ಬಿಕ್ಕಿ ಅಳುತ್ತಿತ್ತು.

"ಆಗಿಂದ ಕೂಗ್ತಿದ್ದೀನಿ ಹಾಲು ತಗೊಂಡು ಬಾ ಅಂತ. ಇವನಂತೂ ಗಂಟಲು ಹರ್ಕೊಂಡು ಅತ್ತ. ಪಕ್ಕದ ಮನೆಯವರು ಕಿಟಕಿಗೆ ಬಂದ್ರು, ನಿನಗೆ ಕೇಳಿಸ್ಲಿಲ್ವಾ?"

ಅವಳು ಸುತ್ತ ನೋಡಿದಳು. ಫ್ಯಾನು ಓಡುತ್ತಿರಲಿಲ್ಲ. ಅತ್ತೆಯ ಹೊಲಿಗೆ ಮಷೀನೂ ಇವತ್ತು ಬಂದ್. ಬಾಗಿಲು ತೆರೆದೇ ಇತ್ತು.

"ಇಲ್ಲ ಅತ್ತೆ. ಕೇಳಿಸ್ಲಿಲ್ಲ."

ಅತ್ತೆ ಸೊಸೆಯ ಮುಖ ನೋಡಿದರು. ಆಮೇಲೆ ನಿಧಾನವಾಗಿ ಕೇಳಿದರು, "ಅದು ಸೋರ್ತಾ ಇದೆಯಲ್ಲ?"

"ಹೂಂ."

"ಆರಿಸ್ಬಾರ್ದಾ?"

"ಆರಿಸ್ಬೇಕು."

ಅವಳು ಅಲುಗಲಿಲ್ಲ. ಅತ್ತೆ ಮಗುವನ್ನು ಹೆಗಲಿಗೆ ಒತ್ತಿ ಹಿಡಿದು, ಕಾಲು ಚಾಚಿ, ಹೆಬ್ಬೆರಳಿನಿಂದ ನೆಲದ ಮೇಲಿದ್ದ ಸ್ವಿಚ್ಚು ಒತ್ತಿದರು. ಪಂಪು ನಿಂತಿತು.

"ಹೋಗ್ಲಿ ಬಿಡು. ನೀರು ತಾನೆ, ಒರೆಸಿದ್ರಾಯ್ತು," ಎಂದರು. "ಇವನಿಗೆ ಹಾಲು ನಾನೇ ಮಾಡ್ಕೊಳ್ತೀನಿ. ನೀನು ಏಳು, ಒದ್ದೆಯಲ್ಲಿ ಕೂತ್ಕೊಬೇಡ."

ಮಗು ಅತ್ತೆಯ ಹೆಗಲ ಮೇಲಿಂದ ಅವಳ ಕಡೆ ಕೈ ನೀಡಿತು. ಅವಳು ಆ ಕೈಯನ್ನು ಹಿಡಿದು, ಬಿಟ್ಟಳು. ಅತ್ತೆ ಅಡುಗೆಮನೆಗೆ ಹೋದರು. ಬಾಟಲಿ ತೊಳೆಯುವ ಸದ್ದು, ಚಮಚದ ಸದ್ದು, "ಬಂತು ಬಂತು ಮಹಾರಾಜ, ಬಂತು" ಎನ್ನುವ ದನಿ ಎಲ್ಲ ಈಗ ಸರಿಯಾಗಿಯೇ ಕೇಳಿಸುತ್ತಿತ್ತು.

ಮತ್ತೆ ತಂಪಣ್ಣನ ಅಂಗಡಿಗೆ ಹೋಗಬೇಕು, ಇನ್ನೊಂದು ರೇಡಿಯೇಟರು ಹುಡುಕಬೇಕು ಎಂದು ತಲೆ ತನ್ನ ಪಾಡಿಗೆ ಲೆಕ್ಕ ಶುರುಮಾಡಿತ್ತು. ಈ ಸಲ ಎರಡು ಫ್ಯಾನಿನದೇ ಸಾಕೇನೋ, ರಬ್ಬರು ಬೇಡವೇನೋ. ಫೋನು ಕೈಗೆತ್ತಿಕೊಂಡಳು. ಪರದೆಯ ಮೇಲೆ ಬೆಳಿಗ್ಗೆ ಹೋಲಿಸಿ ನೋಡುತ್ತಿದ್ದ ರೇಡಿಯೇಟರುಗಳು ಸಾಲಾಗಿ ಹಾಗೇ ಇದ್ದವು. ಅದನ್ನು ಮುಚ್ಚಿದಳು. ಆಸ್ಪತ್ರೆಯ ನಂಬರು ಹುಡುಕಿ ಒತ್ತಿದಳು. ಬಹಳ ಹೊತ್ತು ರಿಂಗಾಯಿತು. ಎತ್ತದಿದ್ದರೆ ಒಳ್ಳೆಯದು ಎಂದುಕೊಳ್ಳುವಷ್ಟರಲ್ಲಿ ಎತ್ತಿದರು.

"ಹೇಳಿ ಅಮ್ಮಾ. ಮಗೂಗೆ ಏನಾಗಿದೆ?" ರಿಸೆಪ್ಷನಿನ ಹೆಂಗಸಿಗೆ ಅವಳ ನಂಬರು ಪರಿಚಿತ. ಸೀನಿಗೊಂದು, ಬಿಕ್ಕಳಿಕೆಗೊಂದು ಫೋನು ಹೋಗಿತ್ತು.

"ಮಗು ಚೆನ್ನಾಗಿದೆ."

"ಮತ್ತೆ?"

"ಅದು ಅಳ್ತಾ ಇತ್ತು. ಪಕ್ಕದ ಕೋಣೇಲೇ. ನಾನು ಇಲ್ಲೇ ಇದ್ದೆ, ನನಗೆ ಕೇಳಿಸ್ಲಿಲ್ಲ."

"ಅಯ್ಯೋ, ಕಿವಿ ಡಾಕ್ಟರು ಇವತ್ತು ಬರಲ್ವಲ್ಲಮ್ಮ."

"ಕಿವಿ ಅಲ್ಲ." ಮುಂದಿನ ಮಾತು ಹುಡುಕಿದಳು. ಸಿಕ್ಕಿದ್ದಷ್ಟನ್ನೇ ಹೇಳಿದಳು. "ಕೇಳಿಸ್ಲಿಲ್ಲ ಅಂತ ಗೊತ್ತಾದ ಮೇಲೂ ನನಗೆ ಏನೂ ಅನ್ನಿಸ್ಲಿಲ್ಲ. ತುಂಬಾ ದಿನದಿಂದ ಹೀಗೇ ಇದೆ. ಡಾಕ್ಟರು ಫೋನ್ ಮಾಡು ಅಂದಿದ್ರು, ನಾನು ಮಾಡಿರ್ಲಿಲ್ಲ."

ಆ ಕಡೆ ಕೀಲಿಮಣೆಯ ಟಕಟಕ ನಿಂತಿತು.

"ಮನೇಲಿ ಯಾರಾದ್ರೂ ಇದ್ದಾರಾ ಜೊತೆಗೆ?"

"ಅತ್ತೆ ಇದ್ದಾರೆ. ಮಗು ಅವರ ಹತ್ರ ಇದೆ."

"ಸರಿ. ಡಾಕ್ಟರು ಒಳಗಿದ್ದಾರೆ, ಅವರಿಗೇ ಕೊಡ್ತೀನಿ. ಸ್ವಲ್ಪ ತಡ ಆಗ್ಬಹುದು, ಫೋನ್ ಇಡ್ಬೇಡಿ ಆಯ್ತಾ?"

"ಇಡಲ್ಲ," ಎಂದಳು. ಗೋಡೆಗೊರಗಿ, ಫೋನನ್ನು ಕಿವಿಗೆ ಹಿಡಿದು ಕಾದಳು.