ಹುಣಸೆಯ ನೆರಳಿನ ಹಾಸು

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಂಬಿಕೊಂಡೇ ಬೆಳೆದವನು ನಾನು. ಹೀಗಾಗಿ ಆ ವರ್ಷ ಪ್ರತಿ ರವಿವಾರ ಜಮಖಂಡಿ ಮೋಟಾರಿನಿಂದ ಏಳೆಂಟು ಜನ ಇಳಿದು, ರಬಕವಿ ರಸ್ತೆಯ ಮರಗಳನ್ನು ನೋಡುತ್ತ ನಡೆಯತೊಡಗಿದಾಗ, ಇವರಿಗೆ ಬೇರೆ ಕೆಲಸವಿಲ್ಲವೇ ಎಂದುಕೊಂಡೆ.

ಅವರ ಮುಂದಾಳು ಒಬ್ಬ ಚಿತ್ರಕಲೆಯ ಮಾಸ್ತರರು. ಒಂದೊಂದು ಮರದ ಕೆಳಗೂ ಎಲ್ಲರೂ ಕೂತು ಅದರ ಚಿತ್ರ ಬರೆಯುವರು. ನಿವೃತ್ತ ಶಿಕ್ಷಕಿಯೊಬ್ಬರು ಪುಸ್ತಕ ತೆರೆದು ಗಟ್ಟಿಯಾಗಿ ಓದುವರು. ಕೊಡಲಿ ಏಟು ಬಿದ್ದ ಕಡೆ ಸೆಗಣಿ, ಮಣ್ಣು ಕಲಸಿ ಮೆತ್ತುವರು. ಇಷ್ಟೇ ಆಗಿದ್ದರೆ ಹುಚ್ಚರೆಂದು ಸುಮ್ಮನಾಗುತ್ತಿದ್ದೆ. ಆದರೆ ಏಳುವ ಮುಂಚೆ ಮಾಸ್ತರರು ಬೊಡ್ಡೆಗೆ ಹಗ್ಗ ಸುತ್ತಿ ಅಳೆದು, ವಹಿಯಲ್ಲಿ ಬರೆದುಕೊಳ್ಳುತ್ತಿದ್ದರು. ರಸ್ತೆ ಅಗಲವಾಗುತ್ತದೆಂಬ ಸುದ್ದಿ ಆಗಲೇ ಇತ್ತು. ಕಡಿಯುವವರಲ್ಲದೆ ಮರ ಅಳೆಯುವವರನ್ನು ನಾನು ಕಂಡಿರಲಿಲ್ಲ.

ನಮ್ಮ ಓಣಿಯ ಬಾಯಿಗೆ ಮೂರು ಹುಣಸೆಮರಗಳಿದ್ದವು. ಕೈಮಗ್ಗದ ಹಾಸನ್ನು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ನಾವು ಆ ನೆರಳಿನಲ್ಲೇ ಗೂಟಗಳಿಗೆ ಬಿಗಿದು ಗಂಜಿ ಹಚ್ಚುತ್ತಿದ್ದೆವು. ಬಿಸಿಲಿಗೆ ಗಂಜಿ ಬೇಗ ಒಣಗಿದರೆ ಎಳೆ ಪಟಪಟ ಹರಿಯುತ್ತದೆ. ನೆರಳಿದ್ದರೇ ನಮ್ಮ ಮಗ್ಗ. ಜಾಗ ಮಾತ್ರ ಸರಕಾರದ್ದು. ರಸ್ತೆಗೆ ಅಡ್ಡವೆಂದು ಹಿಂದೊಮ್ಮೆ ಗೂಟ ಕೀಳಿಸಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನಮ್ಮದು. ಓಣಿಯವರನ್ನೆಲ್ಲ ಕೂಡಿಸಿ ನಾನೇ ಹೇಳಿದೆ:

"ರವಿವಾರ ಯಾರೂ ಹಾಸು ಹೊರಗ ತರಬ್ಯಾಡ್ರಿ. ಕೇಳಿದ್ರ ಏನೂ ಗೊತ್ತಿಲ್ಲ ಅನ್ರಿ."

ನಮ್ಮ ಹುಣಸೆಗಳ ಸರದಿ ಬಂದ ದಿನ ಶಿಕ್ಷಕಿ ನೆಲದಲ್ಲಿದ್ದ ಗೂಟದ ಕುಳಿಗಳನ್ನು ನೋಡಿದರು.

"ಇಲ್ಲೇನ ಮಾಡ್ತೀರಿ ತಮ್ಮಾ?"

"ಏನೂ ಇಲ್ರಿ ಬಾಯಾರ."

"ಈ ಗಿಡದ ನೆರಳು ಯಾರಿಗರೆ ಬೇಕಾಗತೈತೇನು?"

"ಯಾರಿಗೂ ಬ್ಯಾಡ್ರಿ."

ಅವರು ನನ್ನ ಮುಖವನ್ನೇ ನೋಡಿದರು. ಮಾಸ್ತರರು ನಾನು ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡರು. ಬಾಯಿ ಬಿಡಿಸಲು ಬಂದವರಿಗೆ ಛಲೋ ಪಾಠ ಕಲಿಸಿದೆನೆಂದು ಅಂದು ಎರಡು ರೊಟ್ಟಿ ಹೆಚ್ಚೇ ತಿಂದೆ.

ಆರು ತಿಂಗಳಿಗೆ ಕೊಡಲಿ, ಗರಗಸ ಬಂದವು. ಇದೇ ರಸ್ತೆಯ ಹಿಂದಿನ ಊರಿನ ಆಲದಮರಗಳನ್ನು ಉಳಿಸಿ, ರಸ್ತೆಯನ್ನೇ ತುಸು ಸರಿಸಿದ್ದರು. ನಮ್ಮಲ್ಲಿ ಸರಿಸಲಿಲ್ಲ. ಓಡಿಹೋಗಿ ಜಗಳ ತೆಗೆದೆ. ರಸ್ತೆ ಕೆಲಸ ನೋಡಿಕೊಳ್ಳುವ ಓವರಸಿಯರರು ಒಂದು ಅರ್ಜಿ ತೋರಿಸಿದರು. ಮರಗಳನ್ನು ಉಳಿಸಿರೆಂದು ಮಾಸ್ತರರ ಗುಂಪು ಕೊಟ್ಟದ್ದು ಅದು. ಪ್ರತಿ ಮರದ ಚಿತ್ರ, ಸುತ್ತಳತೆ, ಅದರ ಕೆಳಗೆ ಜನ ಮಾಡುವ ಕೆಲಸ. ಆಲದ ಮುಂದೆ ವಾರದ ಸಂತೆ ಎಂದಿತ್ತು. ನಮ್ಮ ಮೂರರ ಮುಂದೆ, ದುಂಡನೆಯ ಅಕ್ಷರದಲ್ಲಿ, ನೆರಳು ಯಾರಿಗೂ ಬೇಡ ಎಂದಿತ್ತು.

"ಜನರಿಗೆ ಉಪಯೋಗ ಇದ್ದಲ್ಲಿ ರಸ್ತಾ ಹೊಳ್ಳಿಸೇವ್ರಿ. ಇಲ್ಲೆ ನೀವ ಬ್ಯಾಡ ಅಂದೀರಿ," ಎಂದರು ಅವರು.

ಮರಗಳು ಹೋದ ಮೇಲೆ ಬಯಲಿನಲ್ಲೇ ಹಾಸು ಬಿಗಿದೆವು. ಮಧ್ಯಾಹ್ನದೊಳಗೆ ಎಳೆಗಳು ಹರಿಯತೊಡಗಿದವು. ಕಣ್ಣು ಮಂಜಾಗಿದ್ದ ಅಪ್ಪ, ಬೆವರು ಒರೆಸಿಕೊಳ್ಳುತ್ತ, ಬೆರಳಿನಿಂದಲೇ ಹುಡುಕಿ ಒಂದೊಂದನ್ನೇ ಗಂಟು ಹಾಕುತ್ತಿದ್ದರು.

"ಯಾರೋ ಗಿಡಾ ಕಡಿಸಿದವ್ರು?" ಎಂದು ಕೇಳಿದರು.

ಹರಿದ ಇನ್ನೊಂದು ಎಳೆ ಹುಡುಕಿ ಅವರ ಬೆರಳಿಗೆ ಕೊಟ್ಟೆ. ಅಪ್ಪ ಮತ್ತೆ ಕೇಳಿದರು.

"ಸರಕಾರದವ್ರಪ್ಪಾ," ಎಂದೆ.