ಬೀಡಿ ಅಕ್ಕನಿಗೆ ಹೇಳಿದ ಜಪಾನಿ ಕಥೆ

ಮೊನ್ನೆ ಮೂಡಬಿದ್ರೆಯ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಚೀಲದಿಂದ ಬೀಡಿ ಎಲೆ, ಹೊಗೆಸೊಪ್ಪಿನ ವಾಸನೆ ಬಂತು. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ಕಣ್ಣೀರು ಕಂಡರೆ ಕಾರಣ ಕೇಳುತ್ತಾರಲ್ಲ...

ತೊಂಬತ್ತರ ದಶಕದಲ್ಲಿ ಬಂಟ್ವಾಳದ ನಮ್ಮ ಪಕ್ಕದ ಮನೆಯಲ್ಲಿ ಬೀಡಿ ಕಟ್ಟುವ ಅಕ್ಕ ಇದ್ದರು. ಅವರ ಒಬ್ಬಳೇ ತಂಗಿ ಗಂಡನ ಮನೆಯ ಬಾವಿಗೆ ಬಿದ್ದು ಸತ್ತಿದ್ದಳು. ಕಾಲು ಜಾರಿದ್ದು ಎಂದರು ಆ ಮನೆಯವರು. ಅದಕ್ಕೆ ಒಂದು ವಾರ ಮೊದಲು ತಂಗಿಯ ಬೆನ್ನಿನ ಬಾಸುಂಡೆ ನೋಡಿದ್ದವರು ಅಕ್ಕ ಒಬ್ಬರೇ. ಕೇಸು ನಿಂತದ್ದೇ ಅವರ ಸಾಕ್ಷಿಯ ಮೇಲೆ.

ಆದಿತ್ಯವಾರ ಮಧ್ಯಾಹ್ನ ಬೀಡಿಯ ಮೊರ ಹಿಡಿದುಕೊಂಡೇ ನಮ್ಮಲ್ಲಿಗೆ ಸಿನಿಮಾ ನೋಡಲು ಬರುತ್ತಿದ್ದರು. ಒಮ್ಮೆ ವಿಡಿಯೋ ಅಂಗಡಿಯವ ಹಿಂದಿಯದ್ದು ಖಾಲಿ ಎಂದು ಹಳೆಯ ಜಪಾನಿ ಕ್ಯಾಸೆಟ್ ದಾಟಿಸಿದ. ಹೆಂಗಸೊಬ್ಬಳು ಕತ್ತಿ ಹಿಡಿದು ಸೇಡು ತೀರಿಸುವ ಕಥೆ. ಅಮ್ಮ ಮೂಗು ಮುರಿದರು. ಅಕ್ಕನ ಕೈ ಮಾತ್ರ ಮೊರದಲ್ಲೇ ನಿಂತುಬಿಟ್ಟಿತು. ಅಲ್ಲಿಂದ ಅವರಿಗೆ ಅಂಥ ಸಿನಿಮಾಗಳದ್ದೇ ಹುಚ್ಚು. ಡಿಗ್ರಿ ಓದುತ್ತಿದ್ದ ನಾನು ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ತುಳುವಿನಲ್ಲಿ ಹೇಳಬೇಕು. ಮಹಾ ಪಂಡಿತೆಯ ಗತ್ತು ನನಗೆ.

"ಅವಳು ಎಂತ ಹೇಳಿದ್ಳು ಮಗಾ? ಸರಿಯಾಗಿ ಹೇಳು, ಎಂತದೂ ಬಿಡ್ಬೇಡ."

ಸಾಕ್ಷಿಯ ದಿನ ಹತ್ತಿರ ಬಂತು. ಕೋರ್ಟಿನಲ್ಲಿ ಬಾಯಿ ಬಿಟ್ಟರೆ ತಂಗಿಯ ಮಗುವಿನ ಮುಖ ತೋರಿಸುವುದಿಲ್ಲ ಎಂದು ಆ ಮನೆಯವರು ಹೇಳಿ ಕಳಿಸಿದರು. ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು, "ನಿನ್ನ ಮಾತು ಕೇಳ್ತಾಳೆ. ಹೇಗಾದ್ರೂ ಮಾಡಿ ಸಾಕ್ಷಿ ಹೇಳುದು ಬಿಡ್ಲಿಕ್ಕೆ ಹೇಳು. ಆ ಮಗುವಾದ್ರೂ ಸಿಗ್ಲಿ," ಅಂದರು.

ಆ ವಾರದ ಸಿನಿಮಾದಲ್ಲಿ ಅಕ್ಕನೊಬ್ಬಳು ತಂಗಿಯನ್ನು ಕೊಂದವನನ್ನು ಹುಡುಕಿಕೊಂಡು ಹೋಗುತ್ತಾಳೆ. ಕೊನೆಗೆ ತಂಗಿಯ ಸಮಾಧಿಯ ಮುಂದೆ ಕೂತು ಒಂದೇ ಮಾತು ಆಡುತ್ತಾಳೆ: ನಿನ್ನನ್ನು ನಾನು ಬಿಟ್ಟುಕೊಡಲಿಲ್ಲ. ಬೀಡಿ ಅಕ್ಕ ನನ್ನ ಮುಖ ನೋಡಿದರು.

"ಇದೆಲ್ಲ ಮಾಡ್ಬಾರದಿತ್ತು, ನಿನಗೂ ಇದು ಬೇಡವಾಗಿತ್ತು ಅಂತ ಹೇಳ್ತಾಳೆ," ಅಂದೆ.

ಅವರು ಮೊರವನ್ನು ಪಕ್ಕಕ್ಕೆ ಸರಿಸಿದರು. "ತಂಗಿಗೂ ಬೇಡವಾಗಿತ್ತಾ..."

ಕೋರ್ಟಿನಲ್ಲಿ, ತಾನು ಏನೂ ನೋಡಿಲ್ಲ ಅಂದರಂತೆ. ಕೇಸು ಬಿದ್ದುಹೋಯಿತು. ಮಗುವನ್ನು ಆ ಮನೆಯವರು ಆಮೇಲೂ ತೋರಿಸಲಿಲ್ಲ. ಅಕ್ಕ ಎರಡು ಸಲ ಬಿಸ್ಕತ್ತಿನ ಪೊಟ್ಟಣ ಹಿಡಿದು ಹೋಗಿ, ಗೇಟಿನಿಂದಲೇ ವಾಪಸ್ ಬಂದರು. ಸಿನಿಮಾ ನೋಡಲು ಮತ್ತೆ ಬರಲಿಲ್ಲ. ನನ್ನ ಮದುವೆಯ ಹಿಂದಿನ ದಿನ ಒಮ್ಮೆ ಕೇಳಿದರು, "ಅವಳು ನಿಜವಾಗಿ ಹಾಗೇ ಹೇಳಿದ್ಳಾ ಮಗಾ?"

ಹೌದಕ್ಕ, ಅಂದೆ. ಆಗಲಾದರೂ ನಿಜ ಹೇಳಬಹುದಿತ್ತು. ಅವರು ನನ್ನ ತಲೆ ಸವರಿ ಹೋದರು. ಕೆಲವು ವರ್ಷಗಳಲ್ಲಿ ತೀರಿಕೊಂಡರು. ದೂರದಲ್ಲಿದ್ದ ನನಗೆ ಮುಖ ನೋಡಲೂ ಆಗಲಿಲ್ಲ.

ಬಸ್ಸಿಳಿದು ಮನೆಗೆ ಬಂದವಳು ಆ ಸಿನಿಮಾವನ್ನು ಮೊಬೈಲಿನಲ್ಲಿ ಹುಡುಕಿ ತೆಗೆದೆ. ಅವಳು ಸಮಾಧಿಯ ಮುಂದೆ ಕೂತಾಗ, ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿ ಆ ಒಂದು ಸಾಲನ್ನು ತುಳುವಿನಲ್ಲಿ ಹೇಳಿದೆ. ಈ ಸಲ ಸರಿಯಾಗಿ ಹೇಳಿದೆ ಅಕ್ಕ, ಎಂತದೂ ಬಿಡಲಿಲ್ಲ... ಕೇಳಲು ನೀವು ಇರಲಿಲ್ಲ.