ಕೆಂಪು ನೀರಿನ ಮಾಸ್ತರರು

ನಮ್ಮ ಮಾಸ್ತರರ ಎಡಗೈಯಲ್ಲಿ ಮೂರೇ ಬೆರಳಿದ್ದವು. ಕಿರುಬೆರಳೂ ಉಂಗುರ ಬೆರಳೂ ಬುಡಕ್ಕೇ ಹೋಗಿ, ಆ ಜಾಗದ ಚರ್ಮ ಹೊಲಿದ ಚೀಲದ ಬಾಯಿಯಂತೆ ಗಂಟುಗಟ್ಟಿತ್ತು. ಉಳಿದ ಮೂರರಲ್ಲಿ ಗಾಜಿನ ಸೀಸೆ ಹಿಡಿದು, ಬಿಸಿಲಿಗೆ ಎತ್ತಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಹೋದ ಎರಡು ಬೆರಳು ನನ್ನ ಗಂಡನ ಕುತ್ತಿಗೆಗೆ ಬದಲಾಗಿ ಹೋದವು.

ನಾವು ಮಸ್ಕಿಯ ಹೊರಗೆ, ಹಳ್ಳದ ದಂಡೆಯಲ್ಲಿ ಸವಳು ಮಣ್ಣು ಕೆರೆದು ಉಪ್ಪು ತೆಗೆಯುತ್ತಿದ್ದವರು. ಮಣ್ಣನ್ನು ನೀರಲ್ಲಿ ಕಲಸಿ, ಸೋಸಿ, ಆ ನೀರನ್ನು ಬದು ಕಟ್ಟಿದ ಮಡಿಗಳಲ್ಲಿ ಬಿಸಿಲಿಗೆ ಬಿಟ್ಟರೆ ಉಪ್ಪು ಕಟ್ಟುತ್ತದೆ. ಮಾಸ್ತರರು ಕಡಲ ಕಡೆಯವರು. ನಿಜಾಮರ ಆಳ್ವಿಕೆ ಮುಗಿದ ಮೇಲೆ ಲಿಂಗಸುಗೂರಿನ ಸಾಲಿಗೆ ವಿಜ್ಞಾನ ಕಲಿಸಲು ಬಂದಿದ್ದರು. ರಜೆಯ ದಿನ ಬಸ್ಸಿಳಿದು, ಸೀಸೆಗಳ ಚೀಲ ಹೆಗಲಿಗೆ ಹಾಕಿಕೊಂಡು ನಮ್ಮ ಮಡಿಗಳಿಗೆ ಬರುತ್ತಿದ್ದರು.

"ಏನ್ರಿ ಮಾಸ್ತರ, ಮಂದಿ ಉಪ್ಪು ಒಯ್ತಾರ, ನೀವು ಕೊಳಚಿ ನೀರು ಒಯ್ಯಾಕತ್ತೀರಲ್ಲ!" ಎಂದು ನಮ್ಮ ಅತ್ತೆ ನಗುತ್ತಿದ್ದರು.

"ಇದರೊಳಗೂ ಮಂದಿ ಇದ್ದಾರೆ ಅಮ್ಮಾ. ಉಪ್ಪಿಲ್ಲದಿದ್ದರೆ ಬದುಕದ ಮಂದಿ," ಎನ್ನುತ್ತಿದ್ದರು. ಅವರ ಊರಿನ ಗಜನಿಯಲ್ಲಿ, ಎಂದರೆ ಕಡಲ ನೀರು ಹೊಕ್ಕು ಹೋಗುವ ಗದ್ದೆಗಳ ಮಣ್ಣಿನಲ್ಲಿ, ಇಂಥ ಕಣ್ಣಿಗೆ ಕಾಣದ ಜೀವಗಳು ಎಷ್ಟೋ ಬಗೆಯವಂತೆ. ಕಡಲಿಲ್ಲದ ಈ ಎರೆನಾಡಿನಲ್ಲೂ ಅವು ಇವೆಯೇ ಎಂದು ಹುಡುಕುವ ಹುಚ್ಚು ಅವರಿಗೆ.

ಮಾಸ್ತರರು ಬರುವ ಮೊದಲು, ನಿಜಾಮರ ಆಳ್ವಿಕೆ ಮುಗಿಯುವ ಹೊತ್ತಿನ ಗಲಾಟೆಯ ವರ್ಷದಲ್ಲಿ, ನಮ್ಮೂರಿನ ದೊಡ್ಡ ಒಕ್ಕಲು ಮನೆಯ ಹಿರಿಮಗ ಸಿಂಧನೂರಿಗೆ ಹೋದವನು ತಿರುಗಿ ಬರಲಿಲ್ಲ. ಅದಕ್ಕೂ ಮೊದಲು ಅವನು ಬೇಕೆಂತಲೇ ನಮ್ಮ ಮಡಿಗಳ ಮೇಲೆ ದನ ಹಾಯಿಸಿದ್ದ. ಸಿಟ್ಟಿನ ಭರದಲ್ಲಿ ನನ್ನ ಗಂಡ ನಾಲ್ಕು ಜನರ ಮುಂದೆ, "ನಿನ್ನ ನೆತ್ತರ ಇದ ಮಡಿಗೆ ಹರಸ್ತೀನಿ," ಎಂದುಬಿಟ್ಟಿದ್ದ. ಮರುವರ್ಷದ ಬೇಸಿಗೆಯಲ್ಲಿ ಆ ಮಡಿಯ ನೀರು ಕೆಂಪಾಯಿತು. ಅಷ್ಟು ಕೆಂಪು ಅತ್ತೆಯೂ ಕಂಡಿರಲಿಲ್ಲವಂತೆ. ಮೂರೇ ದಿನದಲ್ಲಿ ಮಾತು ಊರೆಲ್ಲ ಹಬ್ಬಿತು: ಸತ್ತವನ ನೆತ್ತರು ಮೇಲೆದ್ದೈತಿ.

ಕಾಣೆಯಾದವನ ಇಬ್ಬರು ತಮ್ಮಂದಿರು ಕೊಡಲಿ ಹಿಡಿದು ಬಂದದ್ದು ನಡುಮಧ್ಯಾಹ್ನ. ಹಿರಿಯ ತಮ್ಮ ನನ್ನ ಗಂಡನ ಕೂದಲು ಹಿಡಿದು ಮುಖವನ್ನು ಮಡಿಯ ನೀರಿಗೆ ಅದುಮಿದ.

"ಕುಡೀಲೇ! ನಮ್ಮಣ್ಣನ ನೆತ್ತರ ಐತಿ, ಕುಡಿ!"

ಬಿಡಿಸಲು ಹೋದ ಅತ್ತೆಗೆ ಕಿರಿಯವನು ಕೊಡಲಿಯ ಕಾವಿನಿಂದ ಹೊಡೆದ. ತಲೆ ಒಡೆದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅವರು ಮತ್ತೆ ಏಳಲಿಲ್ಲ. ನಾನು ಕಿರುಚುತ್ತಿದ್ದೆ. ಆಚೆ ಮಡಿಯ ಹತ್ತಿರ ಸೀಸೆ ತುಂಬುತ್ತಿದ್ದ ಮಾಸ್ತರರು ಓಡಿ ಬಂದರು. "ಅದು ರಕ್ತ ಅಲ್ಲ, ಬಿಡಿ!" ಎಂದು ಕೂಗುತ್ತಲೇ, ಗಂಡನ ಕುತ್ತಿಗೆಯ ಮೇಲೆ ಇಳಿಯುತ್ತಿದ್ದ ಹಿರಿಯವನ ಕೊಡಲಿಗೆ ಕೈ ಅಡ್ಡ ಕೊಟ್ಟರು.

ಬೆರಳುಗಳು ಮಡಿಗೆ ಬಿದ್ದವು. ಮಾಸ್ತರರು ಮೊಣಕಾಲೂರಿ ಕುಸಿದರು. ಕೈಯಿಂದ ಸುರಿದ ನೆತ್ತರು ಆ ನೀರಿನಲ್ಲಿ ಎಳೆಎಳೆಯಾಗಿ ಇಳಿಯಿತು. ಮಡಿಯ ನೀರು ದಾಸವಾಳ ಹಿಂಡಿದಂಥ ಕೆಂಪು. ಅವರ ನೆತ್ತರು ಬೇರೆಯೇ, ದಟ್ಟ ಕೆಂಪು. ಎರಡೂ ಪಕ್ಕದಲ್ಲೇ ಇದ್ದವು, ಕುರುಡನಿಗೂ ವ್ಯತ್ಯಾಸ ತಿಳಿಯುವಂತೆ.

"ನೋಡಿ," ಎಂದರು. ಹಲ್ಲು ಕಟಕಟ ಎನ್ನುತ್ತಿದ್ದವು. "ರಕ್ತ ಅಂದರೆ ಇದು."

ಹಿರಿಯವನು ಬಹಳ ಹೊತ್ತು ನೀರನ್ನೇ ನೋಡಿದ. ಆಮೇಲೆ ಕೊಡಲಿ ಕೆಳಗಿಟ್ಟ.

ಅತ್ತೆಯನ್ನು ಮಣ್ಣು ಮಾಡಿ ಬಂದೆವು. ಅವರನ್ನು ಹೊಡೆದವನಿಗೆ ಜೈಲಾಯಿತು. ಮಾಸ್ತರರೇ ಸಾಕ್ಷಿ ಹೇಳಿದರು. ಆದರೆ ಯಾರಿಗೂ ಹೇಳದ ಮಾತೊಂದು ನನ್ನೊಳಗಿತ್ತು: ನನ್ನ ಗಂಡನ ಮೇಲೆ ನನಗೇ ಅನುಮಾನ. ಅವನು ಮುಟ್ಟಿದರೆ ಮೈ ಬಿಗಿಯಾಗುತ್ತಿತ್ತು. ಕೊನೆಗೆ ಮಾಸ್ತರರನ್ನೇ ಕೇಳಿದೆ, "ಖರೇ ಹೇಳ್ರಿ, ಆ ನೀರಾಗ ಮನಿಷ್ಯಾರ ನೆತ್ತರ ಇದ್ದಿಲ್ಲೇನು?"

ಅವರು ನನ್ನನ್ನು ಸಾಲಿಗೆ ಕರೆದೊಯ್ದು, ಆ ಮಡಿಯ ಕೆಂಪು ನೀರಿನ ಹನಿ ಇಟ್ಟ ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, "ನನ್ನ ಮಾತು ಬೇಡ. ನೀವೇ ನೋಡಿ," ಎಂದರು.

ನೋಡಿದೆ. ಕಡ್ಡಿಯಂಥವು, ದುಂಡನೆಯವು, ಬಳುಕುವಂಥವು. ಒಂದೊಂದೂ ಒಂದು ಥರ, ಎಲ್ಲವೂ ಓಡಾಡುತ್ತಿದ್ದವು. ಅವರು ಗಾಜಿನ ಮೇಲೆ ಒಂದು ಹನಿ ಸಿಹಿನೀರು ಬಿಟ್ಟರು. ಕಡ್ಡಿಯಂಥವು ಉಬ್ಬಿ, ಒಡೆದು, ಇಲ್ಲವಾದವು. "ನೀರಿನ ಕೆಂಪು ಇವುಗಳದೇ. ಉಪ್ಪೇ ಇವಕ್ಕೆ ತವರು," ಎಂದರು. ನಾನು ಅಲ್ಲೇ ಅತ್ತುಬಿಟ್ಟೆ. ಅಂದು ಮನೆಗೆ ಬಂದು ಗಂಡನಿಗೆ ಬಿಸಿ ರೊಟ್ಟಿ ಬಡಿದು, ಎದುರು ಕೂತು ಉಣಿಸಿದೆ. ಅಕ್ಷರ ಕಲಿಯಬೇಕೆಂದು ಹಟ ಹಿಡಿದದ್ದೂ ಅಂದೇ. ಕಲಿಸಿದವರೂ ಅವರೇ.

ಕಾಣೆಯಾದವನ ಎಲುಬುಗಳು ಮುಂದೆ ಸಾಲಗುಂದದ ಕಡೆಯ ಹಾಳು ಬಾವಿಯಲ್ಲಿ ಸಿಕ್ಕವು. ಬೆಳ್ಳಿಯ ಉಡಿದಾರದಿಂದ ಗುರುತು ಹತ್ತಿತಂತೆ. ಗಲಾಟೆಯಲ್ಲಿ ಸಿಂಧನೂರಿನ ದಾರಿಯಲ್ಲೇ ಯಾರೋ ಕೊಂದು ಎಸೆದಿದ್ದರು. ಹಿರಿಯ ತಮ್ಮ ನಮ್ಮ ಅಂಗಳಕ್ಕೆ ಬಂದು ಸಂಜೆಯವರೆಗೆ ತಲೆ ತಗ್ಗಿಸಿ ಕೂತು, ಎದ್ದು ಹೋದ.

ಆಮೇಲೆ ಅಣೆಕಟ್ಟಿನ ಹೊಸ ಕಾಲುವೆಗೆ ನೀರು ಬಂತು. ದಢೇಸುಗೂರಿನ ಹೊಲಗಳಲ್ಲಿ ಬಿಳಿ ಸವಳು ಮೇಲೇಳುತ್ತಿದೆ ಎಂದು ಕೇಳಿ ಮಾಸ್ತರರು ಮಣ್ಣು ತರಲು ಹೋದರು. ಅಲ್ಲಿ ನೀರಿನ ಪಾಳಿಗಾಗಿ ಎರಡು ಗುಂಪು ಬಡಿಗೆ ಹಿಡಿದು ನಿಂತಿದ್ದವು. ಒಬ್ಬನನ್ನು ಕೆಸರಿಗೆ ಕೆಡವಿ ಬಡಿಯುತ್ತಿದ್ದರಂತೆ. ಮಾಸ್ತರರು ಅವನ ಮೇಲೆ ಬೋರಲು ಬಿದ್ದು ಮುಚ್ಚಿಕೊಂಡರು. ಕೆಳಗಿದ್ದವನು ಉಳಿದ. ಬಡಿಗೆಗಳು ನಿಂತಾಗ ಇವರಲ್ಲಿ ಉಸಿರಿರಲಿಲ್ಲ.

ಅವರಿಗೆ ಮದುವೆಯಾಗಿರಲಿಲ್ಲ. ಕಡಲ ಊರಿನಿಂದ ಮುದುಕಿ ತಾಯಿ ಬಂದರು. ನಮ್ಮ ಮನೆಯಲ್ಲೇ ಇಳಿಸಿಕೊಂಡೆವು. ಎರಡು ದಿನ ಅಳಲೇ ಇಲ್ಲ. ಮೂರನೆಯ ದಿನ ಕೇಳಿದರು:

"ಅವ ಹೆದ್ರುಪುಕ್ಲ. ಜಗಳ ಕಂಡ್ರೆ ಓಡಿ ಬಂದು ನನ್ನ ಸೆರಗು ಹಿಡಿತಿದ್ದ. ಅಂಥವ್ನನ್ನ ಹೊಡೆದಾಟದ ನಡುವೆ ದೂಡಿದವ್ರು ಯಾರು?"

ನನ್ನ ಗಂಡ ಅವರ ಕಾಲ ಹತ್ತಿರ ಕೂತು ಹೇಳಿದ:

"ಯಾರೂ ದೂಡಿಲ್ಲ ಯವ್ವಾ. ತಾವ ಹೋದ್ರು. ನನ್ನ ಸಲುವಾಗೂ ಒಮ್ಮಿ ಹಂಗ ಬಂದಿದ್ರು."

ಮುದುಕಿ ಕೈ ಚಾಚಿ ಅವನ ಕುತ್ತಿಗೆಯನ್ನು ಮೆಲ್ಲಗೆ ಮುಟ್ಟಿ ನೋಡಿದರು. ಆಗ ಅತ್ತರು.